ದಡಸಲದ ಹೊರೆ

ದಾನಮ್ಮ ಸೊಕ್ಕಿನ ಹೆಂಗಸು. ಗುಂಡೆಪಳ್ಳಿಯಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ, ಹೇಳುವಾಗ ದನಿ ತಗ್ಗಿಸುವುದೂ ಇಲ್ಲ. ಅರವತ್ತೆರಡು ವರ್ಷಗಳಲ್ಲಿ ಆಕೆಯ ಬಾಯಿಂದ 'ತಪ್ಪಾಯಿತು' ಎಂಬ ಮಾತು ಬಂದದ್ದನ್ನು ಕೇಳಿದವರಿಲ್ಲ. ಗಂಡ ಸಂಗಣ್ಣನೂ ಕೇಳಿಲ್ಲ. ಆಕೆಯಿಂದ ಊರಿಗೆ ಆದ ಉಪಕಾರ ದೊಡ್ಡದು. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಉಪಕಾರ ಮಾಡಿದವರನ್ನು ಮೆಚ್ಚಿಕೊಳ್ಳಲೇಬೇಕೆಂಬ ಕಾಯಿದೆ ಎಲ್ಲಿಯೂ ಇಲ್ಲ. ಕಟ್ಟಿಗೆ ಹೊರುವ ರಮಾಬಾಯಿಗಂತೂ ಆಕೆಯನ್ನು ಕಂಡರೆ ಆಗುತ್ತಿರಲಿಲ್ಲ.

ಗುಂಡೆಪಳ್ಳಿ ಚಿಂಚೋಳಿ ತಾಲ್ಲೂಕಿನ ಕಾಡಂಚಿನ ಊರು. ಸುಲೇಪೇಟದಿಂದ ದಿನಕ್ಕೆ ಎರಡು ಬಸ್ಸು ಬರುತ್ತವೆ. ಊರ ಮುಂದೆ ತೊಗರಿ ಹೊಲ, ಊರ ಹಿಂದೆ ಗುಡ್ಡ. ದಾನಮ್ಮ ಸೇಡಂ ಕಡೆಯ ಹುಡುಗಿ, ಪರಸಿಕಲ್ಲು ಹಾಸಿದ ಮನೆಯಲ್ಲಿ ಹುಟ್ಟಿ ಬೆಳೆದವಳು. ಹದಿನೇಳಕ್ಕೆ ಗುಂಡೆಪಳ್ಳಿಯ ದೊಡ್ಡ ಮನೆಗೆ ಸೊಸೆಯಾಗಿ ಬಂದಳು. ಆ ಮನೆಯಲ್ಲಿ ಎರಡು ಒಲೆ ಒಳಗೆ, ಒಂದು ಒಲೆ ಹಿತ್ತಲಲ್ಲಿ, ಮೂರೂ ಆರುತ್ತಿರಲಿಲ್ಲ. ಕಟ್ಟಿಗೆ ಎಲ್ಲಿಂದ ಬರುತ್ತದೆಂದು ಹೊಸ ಸೊಸೆ ಕೇಳಲಿಲ್ಲ. ಬೆಳಗಾದರೆ ಹಿತ್ತಲ ಬಾಗಿಲಿಗೆ ಬರುತ್ತಿತ್ತು. ತಂದವರು ಹೊರೆಯನ್ನು ಗೋಡೆಗೆ ಇಳಿಸಿ, ಸೆರಗು ಒಡ್ಡಿ, ಜೋಳ ಹಾಕಿಸಿಕೊಂಡು ಹೋಗುತ್ತಿದ್ದರು. ಹಾಗೆ ಸೆರಗು ಒಡ್ಡಿದವರಲ್ಲಿ ರಮಾಬಾಯಿಯ ಅತ್ತೆಯೂ ಒಬ್ಬಳು. ಮದುವೆಯಾದ ಮೇಲೆ ಹತ್ತು ವರ್ಷ ರಮಾಬಾಯಿಯೂ ಒಡ್ಡಿದ್ದಳು.

ಹನ್ನೆರಡು ವರ್ಷಗಳ ಹಿಂದೆ ಒಂದು ಬೇಸಿಗೆಯಲ್ಲಿ ದೊಡ್ಡ ಮನೆಯ ಬಾವಿ ತಳ ಕಂಡಿತು. ಅದು ಎಂದೂ ಬತ್ತದ ಬಾವಿ. ಆಗ ಅರಣ್ಯ ಇಲಾಖೆಯ ಗಾರ್ಡ್ ಚಂದ್ರಾಮಪ್ಪ ಎಂಬವನು ನೀರು ಕುಡಿಯಲು ಮನೆಗೆ ಬಂದವನು, ಅರ್ಧ ತಂಬಿಗೆ ನೀರು ಕೊಟ್ಟದ್ದನ್ನು ಕಂಡು ಸುಮ್ಮನಿರಲಾರದೆ ಒಂದು ಮಾತು ಆಡಿದ.

"ಅಕ್ಕೋರ, ನಿಮ್ಮ ಬಾವಿ ನೀರು ನಿಮ್ಮ ಒಲಿ ಕುಡದದ."

ದಾನಮ್ಮನಿಗೆ ಸಿಟ್ಟು ನೆತ್ತಿಗೇರಿತು. ಅವನ ಮಾತು ಸುಳ್ಳೆಂದು ತೋರಿಸಲು ಮರುದಿನ ಬೆಳಿಗ್ಗೆ ಅವನನ್ನೇ ಮುಂದಿಟ್ಟುಕೊಂಡು ಗುಡ್ಡ ಹತ್ತಿದಳು. ಮೂವತ್ತಮೂರು ವರ್ಷ ಆ ಗುಡ್ಡದ ಬುಡದಲ್ಲಿ ಬಾಳಿದವಳು ಅದನ್ನು ಹತ್ತಿದ್ದು ಅದೇ ಮೊದಲು. ಮೇಲೆ ಹೋಗಿ ನೋಡಿದರೆ ಗುಡ್ಡವೆಲ್ಲ ಬೊಡ್ಡೆಗಳು. ಕಾಲಿಟ್ಟ ಕಡೆ ಮಣ್ಣು ಜಾರಿ ಕಲ್ಲು ಕಾಣುತ್ತಿತ್ತು. ಆಕೆ ಇಳಿದು ಬಂದಳು. ಮೂರನೆಯ ದಿನ ಹಿತ್ತಲ ಒಲೆಯನ್ನು ಹಾರೆಯಿಂದ ಕಿತ್ತು ಹಾಕಿಸಿದಳು. ಗಾರ್ಡ್ ಹೇಳಿದ್ದು ನಿಜವೆಂದು ಮಾತ್ರ ಯಾರ ಮುಂದೆಯೂ ಒಪ್ಪಿಕೊಳ್ಳಲಿಲ್ಲ.

ಆಮೇಲಿನದು ಊರಿಗೆಲ್ಲ ಗೊತ್ತು. ಗ್ರಾಮ ಅರಣ್ಯ ಸಮಿತಿ ಎಂಬುದು ಕಾಗದದ ಮೇಲೆ ಮೊದಲೇ ಇತ್ತು. ದಾನಮ್ಮ ಅದರ ಅಧ್ಯಕ್ಷೆಯಾದಳು. ಉದ್ಯೋಗ ಖಾತ್ರಿ ಕೆಲಸದಲ್ಲಿ ಗುಡ್ಡಕ್ಕೆ ಅಡ್ಡಲಾಗಿ ಕಾಲುವೆ ತೋಡಿಸಿದಳು, ಮಳೆಗಾಲದ ಮೊದಲ ವಾರದಲ್ಲಿ ಸೀತಾಫಲ, ಹುಣಸೆ, ಬೇವಿನ ಬೀಜ ಊರಿಸಿದಳು, ಮನೆಮನೆಗೆ ಆಳು ಕಳಿಸಿ ಹೊಗೆ ಕಡಿಮೆಯಾಗುವ ಒಲೆ ಹಾಕಿಸಿದಳು. ಬೇಸಿಗೆಯಲ್ಲಿ ಬೆಂಕಿ ಹಬ್ಬದಂತೆ ತರಗೆಲೆ ಗುಡಿಸಲು ಹೆಂಗಸರ ಸಾಲನ್ನೇ ನಿಲ್ಲಿಸಿದಳು. ತಾನು ಗುದ್ದಲಿ ಹಿಡಿಯಲಿಲ್ಲ, ಹಿಡಿದವರ ತಪ್ಪು ಹುಡುಕುತ್ತ ದಂಡೆಯ ಮೇಲೆ ನಿಂತಳು. ಬಯ್ದುಕೊಳ್ಳುತ್ತಲೇ ಜನ ದುಡಿದರು. ಗುಡ್ಡ ಹಸಿರಾಯಿತು, ನವಿಲು ಬಂದವು, ಬಾವಿಯಲ್ಲಿ ಬೇಸಿಗೆಯಲ್ಲೂ ಕೊಡ ಮುಳುಗುವಷ್ಟು ನೀರು ನಿಂತಿತು.

ಕಾಡಿನ ನಿಯಮಗಳೂ ಆಕೆಯವೇ. ಸೋಮವಾರ ಮತ್ತು ಗುರುವಾರ ಮಾತ್ರ ಕಟ್ಟಿಗೆಗೆ ಹೋಗಬೇಕು. ಕೊಡಲಿ, ಕೊಯ್ತ ಒಯ್ಯಕೂಡದು. ಸತ್ತು ಬಿದ್ದದ್ದನ್ನು ಕೈಯಿಂದ ಮುರಿದು ತರಬೇಕು. ಗುಡ್ಡದಿಂದ ಇಳಿಯುವ ದಾರಿಯಲ್ಲಿ ಹೊರೆ ಇಳಿಸಿ ದಣಿವಾರಿಸಿಕೊಳ್ಳಲು ಹಿಂದಿನವರು ಎದೆಮಟ್ಟ ನಿಲ್ಲಿಸಿದ ಒಂದು ಹಾಸುಗಲ್ಲಿದೆ. ದಾನಮ್ಮ ಅಲ್ಲಿ ನಿಲ್ಲುತ್ತಿದ್ದಳು. ಪ್ರತಿ ಹೊರೆಯ ನಡುವಿನಿಂದ ಒಂದು ಕಟ್ಟಿಗೆ ಎಳೆದು, ಮೊಣಕಾಲಿಗೆ ಅಡ್ಡ ಹಿಡಿದು ಒತ್ತುತ್ತಿದ್ದಳು. ಚಟ್ ಎಂದು ಮುರಿದರೆ ಒಣಗಿದ್ದು, ಬಾಗಿದರೆ ಹಸಿಯದು. ಹಸಿಯದು ಸಿಕ್ಕಿದವಳಿಗೆ ದಂಡವಿಲ್ಲ. ಆದರೆ ಅವಳು ಇಡೀ ಹೊರೆಯನ್ನು ಮತ್ತೆ ಹೊತ್ತು ಗುಡ್ಡ ಹತ್ತಿ, ಯಾವ ಮರದಿಂದ ಕಡಿದಳೋ ಆ ಮರದ ಬುಡಕ್ಕೆ ಇಟ್ಟು ಬರಬೇಕು. ದಾನಮ್ಮ ಹಿಂದೆಯೇ ನಡೆದು ಇಟ್ಟದ್ದನ್ನು ಕಣ್ಣಾರೆ ನೋಡಬೇಕು. ಮುಂದೆ ದೀಪಾವಳಿಯವರೆಗೆ ಅವಳು ಕಾಡಿಗೆ ಕಾಲಿಡುವಂತಿಲ್ಲ. ಸ್ವಂತ ಮೈದುನನ ಮಗ ಮಲ್ಲು ದನದ ಕೊಟ್ಟಿಗೆಗೆಂದು ಒಂದು ಹಸಿ ಗಳ ಕಡಿದಾಗ, ಮನೆಗೆ ಬಂದ ಬೀಗರ ಕಣ್ಣೆದುರಿಗೇ ಅದನ್ನು ಅವನ ಹೆಗಲ ಮೇಲೆ ವಾಪಸು ಕಳಿಸಿದ್ದಳು.

ಹೆಂಗಸರು ಆಕೆಯನ್ನು 'ಮೊಣಕಾಲ ದಾನವ್ವ' ಎನ್ನುತ್ತಿದ್ದರು. ಸಂಗಣ್ಣ ಕಟ್ಟೆಯ ಮೇಲೆ ಕುಳಿತು ಹೇಳುತ್ತಿದ್ದ: "ನಿಮ್ದು ವಾರಕ್ಕ ಎರಡ ದಿನ. ನನಗ ದಿನಾ ಅದ. ಮೊನ್ನಿ ಹಲ್ಲುಜ್ಜೋ ಬೇವಿನಕಡ್ಡಿ ಕಸಗೊಂಡಾಳ, ಹಸೀದು ಅಂತ."

ಈ ವರ್ಷದ ಶ್ರಾವಣದಲ್ಲಿ ಮಳೆ ಹಿಡಿದುಕೊಂಡಿತು. ಒಂಬತ್ತು ದಿನ ಬಿಸಿಲು ಕಾಣಲಿಲ್ಲ. ಅದೇ ಹೊತ್ತಿಗೆ ರಮಾಬಾಯಿಯ ಮಗಳು ಸುಜಾತಾ ಚಿಂಚೋಳಿಯ ಆಸ್ಪತ್ರೆಯಲ್ಲಿ ಹೆತ್ತು, ಹೆಣ್ಣು ಕೂಸಿನೊಂದಿಗೆ ತವರಿಗೆ ಬಂದಳು. ಚೊಚ್ಚಲ ಬಾಣಂತನ. ರಮಾಬಾಯಿಯ ಗಂಡ ಭೀಮಶ್ಯಾ ವಾಡಿಯ ಸಿಮೆಂಟು ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿ. ಹದಿನೈದು ದಿನಕ್ಕೊಮ್ಮೆ ಬರುವವನು. ಮನೆಯಲ್ಲಿ ಗ್ಯಾಸ್ ಇತ್ತು, ಆದರೆ ಬಾಣಂತಿಗೂ ಕೂಸಿಗೂ ದಿನಕ್ಕೆ ಮೂರು ಹಂಡೆ ನೀರು ಕಾಯಿಸಿದರೆ ಸಿಲಿಂಡರ್ ಎಷ್ಟು ದಿನ ಬಂದೀತು? ಮೇಲಾಗಿ ಹೊರಸಿನ ಕೆಳಗೆ ಕೆಂಡ ಇಟ್ಟು ಬಾಣಂತಿಯ ಬೆನ್ನು ಕಾಯಿಸಬೇಕು. ಗ್ಯಾಸು ಕೆಂಡ ಕೊಡುವುದಿಲ್ಲ. ಕೂಡಿಟ್ಟ ಕಟ್ಟಿಗೆ ಐದೇ ದಿನಕ್ಕೆ ತೀರಿತು. ಮಣ್ಣಿನ ಗೋಡೆ ಒದ್ದೆಯಾಗಿತ್ತು. ಕೂಸಿನ ಅಂಗಾಲು ತಣ್ಣಗಿರುವುದನ್ನು ರಮಾಬಾಯಿ ರಾತ್ರಿಯೆಲ್ಲ ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ಗುರುವಾರ ಮಳೆ ಒಂದಿಷ್ಟು ಬಿಡುವು ಕೊಟ್ಟಿತು. ರಮಾಬಾಯಿ ಎಲ್ಲರಿಗಿಂತ ಮೊದಲೇ ಗುಡ್ಡ ಹತ್ತಿದಳು. ದಾರಿಬದಿಯ ಪುಳ್ಳೆಯೆಲ್ಲ ನೆನೆದು ಗೆದ್ದಲು ಹಿಡಿದಿತ್ತು. ಅದು ಹೊಗೆಯಾಡುತ್ತದೆ, ಉರಿಯುವುದಿಲ್ಲ. ಅವಳಿಗೆ ಬೇಕಾದದ್ದು ಗಟ್ಟಿ ಕೆಂಡ. ಹಳ್ಳದ ಆಚೆ, ಹೋದ ವರ್ಷದ ಬೇಸಿಗೆಯ ಗಾಳಿಗೆ ಬಿದ್ದ ಒಂದು ದಡಸಲ ಮರ ಅವಳ ಕಣ್ಣಲ್ಲಿತ್ತು. ಅಷ್ಟು ದೂರ ಯಾರೂ ಹೋಗುತ್ತಿರಲಿಲ್ಲ. ಅವಳು ಹೋದಳು. ಕೊಂಬೆಗಳ ಕೀಲು ಕೊಳೆತಿದ್ದವು. ಜಗ್ಗಿ ತಿರುವಿದರೆ ಬುಡಸಮೇತ ಕಿತ್ತು ಬರುತ್ತಿದ್ದವು. ಉದ್ದುದ್ದ ಕೊಂಬೆಗಳನ್ನೇ ಕಟ್ಟಿ, ಒಂದು ಬಂಡೆಯ ಮೇಲೆ ಹೊರೆ ಎತ್ತಿಟ್ಟು, ಬಗ್ಗಿ ತಲೆಗೊಟ್ಟು ಹೊತ್ತುಕೊಂಡಳು. ಎರಡು ಗುರುವಾರದ ಭಾರ ಅದು. ಒಲೆಯ ಮೇಲಿನ ಅಟ್ಟದಲ್ಲಿ ಎರಡು ದಿನ ಇಟ್ಟರೆ ಒಣಗುತ್ತದೆ, ಕೂಸಿನ ಪಾದ ಬೆಚ್ಚಗಾಗುತ್ತದೆ, ಎಂದು ಲೆಕ್ಕ ಹಾಕುತ್ತ ಇಳಿದಳು.

ಹಾಸುಗಲ್ಲಿನ ಹತ್ತಿರ ಇಪ್ಪತ್ತು ಮಂದಿ ಹೆಂಗಸರು ಸೇರಿದ್ದರು. ದಾನಮ್ಮ ಕೊಡೆ ಹಿಡಿದು ನಿಂತಿದ್ದಳು. ರಮಾಬಾಯಿಯ ಓಣಿಯ ಮುದುಕಿ ಅನಸುಬಾಯಿ ಹೊರೆ ಇಳಿಸಲು ಕೈಜೋಡಿಸಿ, "ಏ ಯವ್ವಾ, ಅರ್ಧ ಗುಡ್ಡ ಹೊತ್ತ ತಂದೀಯಲ್ಲ. ಉಳದದ್ದ ನನಗ ಬಿಟ್ಟಿ ಏನು?" ಎಂದಳು. ನಗು ಎದ್ದಿತು.

ದಾನಮ್ಮ ನಗಲಿಲ್ಲ. ಕೊಡೆ ಮಡಚಿ, ಹೊರೆಯ ನಡುವಿನಿಂದ ಹೆಬ್ಬೆರಳು ದಪ್ಪದ ಕೊಂಬೆ ಎಳೆದಳು. ಮೊಣಕಾಲಿಗೆ ಹಚ್ಚಿ ಒತ್ತಿದಳು. ಅದು ಬಾಗಿತು. ಇನ್ನೂ ಒತ್ತಿದಳು. ಬಿಲ್ಲಿನಂತೆ ಬಾಗಿ, ಬಿಟ್ಟೊಡನೆ ನೆಟ್ಟಗಾಯಿತು. ಇನ್ನೊಂದು ಎಳೆದಳು. ಅದೂ ಹಾಗೆಯೇ.

"ಹಸೀದು," ಎಂದಳು ದಾನಮ್ಮ.

"ಅಲ್ಲರಿ ದಾನಮ್ಮೋರ. ಬಿದ್ದ ಗಿಡದ್ದು. ಮಳ್ಯಾಗ ನೆನದದ. ಉಗುರಿಲೆ ಜರಾ ಕೆರದ ನೋಡ್ರಿ."

"ಏನ ಕೆರಿಯೋದು? ಕಣ್ಣಿಗೆ ಕಾಣಲಿಕತ್ತದಲ್ಲ. ಮುರಿಯಲಾರದ ಕಟಗಿ ಕೊಯ್ತ ಇಲ್ಲದ ನಿನ್ನ ಕೈಗೆ ಹೆಂಗ ಬಂತು?"

"ಜಗ್ಗಿದ್ರ ಕಿತ್ತ ಬಂತರಿ."

"ಹಸಿ ಕೊಂಬಿ ಜಗ್ಗಿದ್ರ ಕಿತ್ತ ಬರತದೇನು? ಕೊಯ್ತ ಎಲ್ಲಿ ಬಚ್ಚಿಟ್ಟೀದಿ?"

ಅನಸುಬಾಯಿ ನಡುವೆ ಬಂದಳು. "ಹೋಗಲಿ ಬಿಡ್ರಿ ಅಮ್ಮೋರ. ಮನ್ಯಾಗ ಹಸೀ ಬಾಣಂತಿ ಅದಾಳ. ಒಂದ ಸಲ ಮಾಫ್ ಮಾಡ್ರಿ."

ಆ ಮಾತು ರಮಾಬಾಯಿಗೆ ದಾನಮ್ಮನ ಮಾತಿಗಿಂತ ಹೆಚ್ಚು ಚುಚ್ಚಿತು. ಮಾಫಿ ಎಂದರೆ ತಪ್ಪು ಮಾಡಿದ್ದು ನಿಜವಾಯಿತು.

"ಮಾಫ್ ಯಾರ ಕೇಳ್ಯಾರ ಆಯಿ? ನೀ ಸುಮ್ಮಕ ಕೂಡು," ಎಂದಳು. ದಾನಮ್ಮನ ಕಡೆ ತಿರುಗಿ, "ನಡೀರಿ. ಗಿಡಾನೇ ತೋರಸ್ತೀನಿ," ಎಂದು ಸೆರಗನ್ನು ಸುತ್ತಿ ಸಿಂಬೆ ಮಾಡಿಕೊಂಡು ತಲೆ ಒಡ್ಡಿದಳು. ಇಬ್ಬರು ಹೆಂಗಸರು, ಅವಳ ಮುಖ ನೋಡದೆ, ಹೊರೆ ಎತ್ತಿಟ್ಟರು.

ಇಳಿದು ಬಂದ ಗುಡ್ಡವನ್ನೇ ಅವಳು ಮತ್ತೆ ಹತ್ತಿದಳು. ಹಿಂದೆ ದಾನಮ್ಮ. ಜಾರುವ ದಾರಿ; ದಾನಮ್ಮನ ಚಪ್ಪಲಿ ಕೆಸರಿಗೆ ಅಂಟಿ ಅಂಟಿ ಕೊನೆಗೆ ಬಾರು ಕಿತ್ತಿತು. ಆಕೆ ಅದನ್ನು ಪೊದೆಯ ಬುಡದಲ್ಲಿ ಬಿಟ್ಟು ಬರಿಗಾಲಲ್ಲಿ ನಡೆದಳು. ಕುತ್ತಿಗೆಯ ನರ ಬಿಗಿದು ರಮಾಬಾಯಿಯ ಕಣ್ಣಿಗೆ ಕತ್ತಲೆ ಬರುತ್ತಿತ್ತು. ದೀಪಾವಳಿಗೆ ಇನ್ನೂ ಮೂರು ತಿಂಗಳು. ಅಷ್ಟರೊಳಗೆ ಬಾಣಂತನ ಮುಗಿದೇ ಹೋಗುತ್ತದೆ. ಬೀಗರು ತೊಟ್ಟಿಲಿಗೆ ಬಂದಾಗ ಓಣಿಯಲ್ಲಿ ಯಾರಾದರೂ ಹೇಳದೆ ಬಿಡುತ್ತಾರೆಯೇ, ನಿಮ್ಮ ಬೀಗತಿ ಕಟ್ಟಿಗೆ ಕದ್ದು ಸಿಕ್ಕಿಬಿದ್ದಳೆಂದು?

ಅರ್ಧ ದಾರಿಯಲ್ಲಿ ಹಿಂದಿನಿಂದ ದನಿ ಬಂತು. "ಕೂಸು ಹಾಲು ಕುಡೀತದ?"

"ಕುಡೀತದ."

"ತಾಯಿಗೆ ಹಾಲು ಇಳದಾವ?"

"ಮೂರನೇ ದಿನಕ್ಕ ಇಳದಾವ."

"ಸಬ್ಬಸಗಿ ಕಾಳಿನ ಕಷಾಯ ಹಾಕು."

"ಹಾಕೀನ್ರಿ. ಕಾಸಲಿಕ್ಕ ಕಟಗಿ ಬೇಕಲ್ಲ."

ಹಳ್ಳ ಮೊಣಕಾಲುಮಟ್ಟ ಹರಿಯುತ್ತಿತ್ತು. ದಾಟುವಾಗ ರಮಾಬಾಯಿ ನಿಂತು, ತಿರುಗಿ ನೋಡದೆಯೇ, "ಎಡಕ್ಕ ಕಾಲಿಡಬ್ಯಾಡ್ರಿ, ಗುಂಡಿ ಅದ," ಎಂದಳು. ಹೇಳಬಾರದಿತ್ತು ಎಂದು ಆಮೇಲೆ ಅನಿಸಿತು.

ದಡಸಲ ಮರ ಹಳ್ಳದ ಏರಿಯ ಮೇಲೆ ಮಕಾಡೆ ಮಲಗಿತ್ತು. ಬೇರಿನ ಗಡ್ಡೆ ಆಳುದ್ದ ಮೇಲೆದ್ದು ಮಣ್ಣೆಲ್ಲ ಉದುರಿ ಹೋಗಿತ್ತು. ಕಾಂಡದ ಕೆಳಮೈಗೆ ಬಿಳಿ ಅಣಬೆಗಳು ಸಾಲಾಗಿ ಎದ್ದಿದ್ದವು. ರಮಾಬಾಯಿ ಹೊರೆಯನ್ನು ಕಾಂಡಕ್ಕೆ ಒರಗಿಸಿ ಇಳಿಸಿ, ದೂರ ಹೋಗಿ ಕಲ್ಲಿನ ಮೇಲೆ ಕುಳಿತಳು.

ದಾನಮ್ಮ ಮರದ ಸುತ್ತ ಬಂದಳು. ಕೊಂಬೆ ಕಿತ್ತ ಜಾಗಗಳು ಗುಳಿ ಬಿದ್ದು, ಒಳಗೆ ಕಪ್ಪಗೆ ಪುಡಿಪುಡಿಯಾಗಿದ್ದವು. ಅಲ್ಲಿಗೆ ಆಕೆಗೆ ಸಮಾಧಾನವಾಗಲಿಲ್ಲ. ಹತ್ತಿರದಲ್ಲಿ ನಿಂತಿದ್ದ ಜೀವಂತ ದಡಸಲಗಳೆಡೆಗೆ ಹೋಗಿ ಒಂದೊಂದರ ಕೊಂಬೆಯನ್ನೂ ಕತ್ತೆತ್ತಿ ನೋಡಿದಳು. ಒಂದರ ಮೈಮೇಲೂ ಗಾಯವಿರಲಿಲ್ಲ. ವಾಪಸು ಬಂದು ಹೊರೆಯಿಂದ ಒಂದು ಕೊಂಬೆ ಎಳೆದು ಮತ್ತೆ ಮೊಣಕಾಲಿಗೆ ಹಚ್ಚಿದಳು. ಅದು ಮತ್ತೆ ಬಾಗಿತು. ಆಕೆ ಅದನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಳು.

"ಇದೇನಿದು?"

"ದಡಸಲರಿ," ಎಂದಳು ರಮಾಬಾಯಿ. "ನಮ್ಮಪ್ಪ ಇದರಲೇ ಬಾರಕೋಲ ಮಾಡತಿದ್ದ, ಕಾವಡಿ ಮಾಡತಿದ್ದ. ಒಣಗಿದ್ರೂ ಜಲ್ದಿ ಮುರಿಯಂಗಿಲ್ಲ. ಅದರಾಗ ಮಳಿ ಕುಡದ್ರ ಮುಗೀತು, ಹಾವಿನಂಗ ಬಾಗತದ. ಹೊರಿ ಹೊತ್ತೋರಿಗೆಲ್ಲ ಇದು ಗೊತ್ತದ."

ದಾನಮ್ಮ ಹೆಬ್ಬೆರಳಿನ ಉಗುರಿನಿಂದ ತೊಗಟೆ ಕೆರೆದಳು. ಒಳಗೆ ಹಸಿರಿರಲಿಲ್ಲ, ಹಳೆಯ ಗೋಣಿಯ ಬಣ್ಣದ ಸತ್ತ ನಾರು.

"ಮೊದಲ ಯಾಕ ಹೇಳಲಿಲ್ಲ?"

"ಹೇಳಿದ್ನಲ್ಲರಿ. ನೀವು ಕೇಳಲಿಲ್ಲ."

ಹನ್ನೆರಡು ವರ್ಷದಲ್ಲಿ ಆ ಹಾಸುಗಲ್ಲಿನಿಂದ ಎಷ್ಟು ಜನ ಹೆಂಗಸರು ಹೊರೆ ಹೊತ್ತು ವಾಪಸು ನಡೆದಿದ್ದರು? ಅವರಲ್ಲಿ ಮಳೆಗಾಲದಲ್ಲಿ ನಡೆದವರು ಯಾರು? ಪ್ರಶ್ನೆ ರಮಾಬಾಯಿಯ ನಾಲಗೆಯ ತುದಿಗೆ ಬಂದಿತ್ತು. ದಾನಮ್ಮನ ಮುಖ ನೋಡಿ ಅವಳು ಅದನ್ನು ನುಂಗಿಕೊಂಡಳು. ಆಕೆ ಅದೇ ಲೆಕ್ಕ ಹಾಕುತ್ತಿದ್ದಂತೆ ಕಂಡಿತು.

"ಹೊರಿ ತಗೋ. ಮನಿಗಿ ಒಯ್ಯಿ," ಎಂದಳು ದಾನಮ್ಮ ಕೊನೆಗೆ.

"ಒಲ್ಲೆರಿ."

"ಯಾಕ?"

"ಇಪ್ಪತ್ತು ಮಂದಿ ಮುಂದ ನನಗ ಹೊರಿ ಹೊರಸಿ ಕಳಿಸೀರಿ. ಈಗ ಇದನ್ನೇ ಹೊತ್ತು ಇಳದ್ರ ಏನಂತಾರ? ಬಾಣಂತಿ ಮಾರಿ ನೋಡಿ ದಾನಮ್ಮ ಬಿಟ್ಟಾಳ ಅಂತಾರ. ಕಟಗಿ ಸಿಗತದ, ಕಳ್ಳಿ ಅನ್ನೋದು ಹೋಗಂಗಿಲ್ಲ. ಇದರ ಕೆಂಡದ ಮ್ಯಾಲ ನನ್ನ ಮಗಳನ್ನ ನಾ ಮಲಗಸಂಗಿಲ್ಲ."

"ನಾ ಹೇಳತೀನಿ ಅವರಿಗೆ."

"ಏನಂತ ಹೇಳತೀರಿ?"

ದಾನಮ್ಮ ಬಾಯಿ ತೆರೆದಳು. ಮಾತು ಹೊರಡಲಿಲ್ಲ. ರಮಾಬಾಯಿ ಕಾದಳು, ತನಗೆ ಗೊತ್ತಿತ್ತಲ್ಲ ಎಂಬಂತೆ ಎದ್ದು ನಿಂತು ಸೀರೆಗೆ ಅಂಟಿದ ಎಲೆ ಕೊಡವಿಕೊಂಡಳು. ಖಾಲಿ ಕೈಯಲ್ಲಿ ಹೋಗುವುದೆಂದು ತೀರ್ಮಾನಿಸಿ ಹಳ್ಳದ ಕಡೆ ನಾಲ್ಕು ಹೆಜ್ಜೆ ಇಟ್ಟಿದ್ದಳು.

"ರಮಾಬಾಯಿ, ಇದು ಹೆಂಗ ಸುತ್ತತಾರ?"

ತಿರುಗಿ ನೋಡಿದರೆ ದಾನಮ್ಮ ತನ್ನ ಇಳಕಲ್ ಸೀರೆಯ ಸೆರಗನ್ನು ಕೈಗೆ ಸುತ್ತಿಕೊಳ್ಳುತ್ತಿದ್ದಳು. ಸಿಂಬೆ ಆಗುತ್ತಿರಲಿಲ್ಲ, ಸುತ್ತು ಬಿಚ್ಚಿ ಬಿಚ್ಚಿ ಹೋಗುತ್ತಿತ್ತು.

"ಏನ ಮಾಡಲಿಕತ್ತೀರಿ?"

"ಕಾಣಂಗಿಲ್ಲೇನು? ಹೆಂಗ ಸುತ್ತತಾರ ಹೇಳು."

"ಬ್ಯಾಡ್ರಿ. ಈ ವಯಸ್ಸಿನ್ಯಾಗ ಕುತ್ತಿಗಿ ಉಳಕತದ. ಆಮ್ಯಾಲ ಸಂಗಣ್ಣೋರು ನನ್ನ ಮ್ಯಾಲ ಬರತಾರ."

"ಸಂಗಣ್ಣೋರು ಖುಷಿ ಆಗತಾರ. ನೀ ಸುತ್ತು."

ರಮಾಬಾಯಿ ಹತ್ತಿರ ಬಂದು, ಸೆರಗು ಕಿತ್ತುಕೊಂಡು, ಬಿಗಿಯಾಗಿ ಹೊಸೆದು, ಮೂರು ಸುತ್ತು ಸುತ್ತಿ ಆಕೆಯ ಬೆಳ್ಳಗಿನ ನೆತ್ತಿಯ ಮೇಲೆ ಕೂರಿಸಿದಳು. ಹೊರೆಯಲ್ಲಿ ಅರ್ಧ ಕಟ್ಟಿಗೆ ಬಿಚ್ಚಿ ಬದಿಗಿಡಲು ಹೋದಳು.

"ತಗೀಬ್ಯಾಡ," ಎಂದಳು ದಾನಮ್ಮ.

"ಭಾಳ ಭಾರ ಅದರಿ."

"ನೀ ಎರಡ ಸಲ ಹೊತ್ತೀದಿ."

"ನನಗ ರೂಢಿ ಅದ. ಅರ್ಧ ಅಂದ್ರ ಅರ್ಧ. ಉಳದದ್ದು ಸೋಮವಾರ ನಾ ಒಯ್ತೀನಿ. ನೀವು ಬಿದ್ದು ಕಾಲು ಮುರಕೊಂಡ್ರ ನಿಮ್ಮನ್ನೂ ನಾನೇ ಹೊರಬೇಕಾಗತದ."

ರಮಾಬಾಯಿ ಅರ್ಧ ತೆಗೆದು ಉಳಿದದ್ದನ್ನು ಮತ್ತೆ ಕಟ್ಟಿದಳು. ಹೊರೆಯನ್ನು ಒಬ್ಬರೇ ತಲೆಗೇರಿಸಿಕೊಳ್ಳುವುದು ಯಾರಿಗೂ ಸುಲಭವಲ್ಲ, ರೂಢಿಯಿಲ್ಲದವರಿಗಂತೂ ಸಾಧ್ಯವೇ ಇಲ್ಲ. ದಾನಮ್ಮ ಕಾಲು ಅಗಲಿಸಿ ನಿಂತು, ಕುತ್ತಿಗೆ ನೆಟ್ಟಗೆ ಮಾಡಿ, "ಹೊರಸು," ಎಂದಳು.

ರಮಾಬಾಯಿ ಎತ್ತಿಟ್ಟಳು. ದಾನಮ್ಮನ ಮೊಣಕಾಲು ಒಮ್ಮೆ ಕುಸಿದು ಸರಿಹೋಯಿತು. ಇಳಿಯುವಾಗ ರಮಾಬಾಯಿ ಮುಂದೆ ನಡೆದಳು. ಎಲ್ಲಿ ಕಾಲಿಡಬೇಕು, ಎಲ್ಲಿ ಬಗ್ಗಬೇಕು, ಎಲ್ಲಿ ಕೊಂಬೆ ಅಡ್ಡ ಬರುತ್ತದೆ ಎಂದು ಹೇಳುತ್ತ ಹೋದಳು. "ತಲಿ ಅಲ್ಲಾಡಸಬ್ಯಾಡ್ರಿ, ಕಣ್ಣಷ್ಟೇ ಕೆಳಗ ಮಾಡ್ರಿ." ದಾನಮ್ಮ ಹೇಳಿದ್ದನ್ನೆಲ್ಲ ಮಾಡಿದಳು. ಹಳ್ಳದಲ್ಲಿ ಗುಂಡಿಯ ಹತ್ತಿರ ಬಂದಾಗ ರಮಾಬಾಯಿ ಆಕೆಯ ಮೊಣಕೈ ಹಿಡಿದು ದಾಟಿಸಿದಳು.

ಹಾಸುಗಲ್ಲಿನ ಹತ್ತಿರ ಹೆಂಗಸರು ಇನ್ನೂ ಇದ್ದರು. ತಮ್ಮ ಹೊರೆಗಳನ್ನು ಯಾರೂ ನೋಡಿ ಬಿಟ್ಟಿರಲಿಲ್ಲವಾದ್ದರಿಂದ ಹೋಗುವಂತಿರಲಿಲ್ಲ. ಮುಂದೆ ಬರಿತಲೆಯ ರಮಾಬಾಯಿ, ಹಿಂದೆ ಬರಿಗಾಲ ದಾನಮ್ಮ, ಆಕೆಯ ತಲೆಯ ಮೇಲೆ ಹೊರೆ. ತಪ್ಪು ಯಾರದೋ ಹೊರೆ ಅವರ ತಲೆಗೆ. ಆ ಹೆಂಗಸರಿಗೆ ಬೇರೆ ವಿವರಣೆ ಬೇಕಾಗಿರಲಿಲ್ಲ. ಅನಸುಬಾಯಿ ಮಾತ್ರ ಎದ್ದು ಬಂದು, ಇಳಿಸಲೆಂದು ಎರಡೂ ಕೈ ಮೇಲೆತ್ತಿದಳು.

"ಬರ್ರಿ ಅಮ್ಮೋರ, ಕಲ್ಲಿಗೆ ಕೊಡ್ರಿ. ಸಾಕಾಗ್ಯಾದ ನಿಮಗ."

ದಾನಮ್ಮನ ಕುತ್ತಿಗೆ ನಡುಗುತ್ತಿತ್ತು. ಆಕೆ ನಿಂತಳು, ಆದರೆ ಕಲ್ಲಿನ ಕಡೆ ತಿರುಗಲಿಲ್ಲ.

"ರಮಾಬಾಯಿ ಮನಿ ಯಾವ ಓಣ್ಯಾಗ ಬರತದ?" ಎಂದು ಕೇಳಿ, ಅನಸುಬಾಯಿ ಕೈಮಾಡಿ ತೋರಿಸಿದತ್ತ ಹೊರೆಸಮೇತ ನಡೆದಳು.